ಮುಯ್ಯಾಳಿನ ಲೆಕ್ಕ: ಮೈತ್ರಿ ಸರ್ಕಾರಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಅಂಚೆಯಲ್ಲಿ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಪತ್ರಗಳೇ ಹೆಚ್ಚು. ಅವುಗಳಲ್ಲಿ ಬಹುಪಾಲು ಸುತ್ತಿ ಬಳಸಿ ಒಂದೇ ವಿಷಯವನ್ನು ಕೇಳುತ್ತಿವೆ. ಕೆಲವು ಮೈತ್ರಿ ಸರ್ಕಾರಗಳು ಐದು ವರ್ಷ ಪೂರೈಸುತ್ತವೆ, ಕೆಲವು ಒಂದು ಮಳೆಗಾಲವನ್ನೂ ದಾಟುವುದಿಲ್ಲ, ಇದಕ್ಕೆ ಕಾರಣವೇನು? ಒಂದೇ ತೆರನಾದ ಪ್ರಶ್ನೆಗಳನ್ನು ಕೂಡಿಸಿ, ಏಳನ್ನು ಆಯ್ದುಕೊಂಡಿದ್ದೇನೆ.

ಪ್ರಶ್ನೆ: ಮೈತ್ರಿ ಸರ್ಕಾರಗಳು ಬೀಳುವುದಕ್ಕೆ ನಾಯಕರ ಸ್ವಾರ್ಥವೇ ಕಾರಣವಲ್ಲವೇ? ಇದಕ್ಕಿಂತ ಬೇರೆ ವಿವರಣೆ ಬೇಕೇ? (ನಿವೃತ್ತ ಶಿಕ್ಷಕರು, ದಾವಣಗೆರೆ)

ಉತ್ತರ: ಬೇಕು. ಬಿದ್ದ ಸರ್ಕಾರದಲ್ಲಿ ಸ್ವಾರ್ಥವಿತ್ತು ಎನ್ನುವುದು ನಿಜ, ಆದರೆ ಉಳಿದ ಸರ್ಕಾರದಲ್ಲಿಯೂ ಅದು ಅಷ್ಟೇ ಇತ್ತು. ಎರಡು ಕಡೆಯೂ ಸಮನಾಗಿರುವ ವಸ್ತುವನ್ನು ವ್ಯತ್ಯಾಸಕ್ಕೆ ಕಾರಣವೆಂದು ಹೇಳಲಾಗದು. ನಾನು ನೋಡುವುದು ಬೇರೆ ಸಂಗತಿಯನ್ನು: ಪಾಲುದಾರ ಪಕ್ಷವೊಂದು ಎದ್ದು ಹೊರಟರೆ ಅದಕ್ಕೆ ಹೊರಗೆ ಏನು ಸಿಗುತ್ತದೆ, ಮತ್ತು ಅದು ಹೊರಟ ಮೇಲೆ ಒಳಗಿರುವವರಿಗೆ ಏನು ಉಳಿಯುತ್ತದೆ?

ಇದಕ್ಕೆ ನಮ್ಮ ದೇಶದಲ್ಲಿಯೇ ಪ್ರಯೋಗಾಲಯದಲ್ಲಿ ಮಾಡಿದಂಥ ಒಂದು ಉದಾಹರಣೆ ಇದೆ. 1998ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿ ಗೆದ್ದದ್ದು 182 ಸ್ಥಾನ, 1999ರಲ್ಲಿ ಗೆದ್ದದ್ದೂ 182 ಸ್ಥಾನವೇ. ಪ್ರಧಾನಿಯೂ ಅದೇ ಅಟಲ್ ಬಿಹಾರಿ ವಾಜಪೇಯಿ. ಮೊದಲನೆಯ ಸರ್ಕಾರ 13 ತಿಂಗಳಿಗೆ ಬಿತ್ತು, ಎರಡನೆಯದು 2004ರ ಚುನಾವಣೆಯವರೆಗೆ ನಡೆಯಿತು. ವಾಜಪೇಯಿಯವರ ಸಜ್ಜನಿಕೆ ಒಂದೇ ವರ್ಷದಲ್ಲಿ ಹೆಚ್ಚಾಯಿತು ಎಂದು ಯಾರೂ ವಾದಿಸಲಾರರು. ಬದಲಾದದ್ದು ಅವರ ಸುತ್ತಲಿನ ಅಂಕಗಣಿತ. 1998ರಲ್ಲಿ ಎಐಎಡಿಎಂಕೆಯ 18 ಸದಸ್ಯರು ಹೊರಟರೆ ಸರ್ಕಾರ ನಿಲ್ಲುವಂತಿರಲಿಲ್ಲ. ಜಯಲಲಿತಾ ಅವರಿಗೆ ಅದು ಗೊತ್ತಿತ್ತು, ಗೊತ್ತಿದ್ದರಿಂದಲೇ ಬೇಡಿಕೆಗಳು ವಾರಕ್ಕೊಮ್ಮೆ ಬೆಳೆಯುತ್ತಿದ್ದವು. 1999ರ ಏಪ್ರಿಲ್ 17ರಂದು 269ಕ್ಕೆ ಎದುರಾಗಿ 270 ಮತಗಳು ಬಿದ್ದು, ಒಂದೇ ಮತದಿಂದ ಸರ್ಕಾರ ಹೋಯಿತು. ಆ ವರ್ಷದ ಚುನಾವಣೆಯ ನಂತರ ಮಿತ್ರಪಕ್ಷಗಳೆಲ್ಲ ಸೇರಿ ಸಂಖ್ಯೆ 300ರ ಆಸುಪಾಸಿಗೆ ಏರಿದ್ದರಿಂದ, ಸಣ್ಣ ಪಕ್ಷವೊಂದು ಮುನಿಸಿಕೊಂಡು ಹೊರಟರೂ ಗೋಡೆ ಕುಸಿಯುತ್ತಿರಲಿಲ್ಲ. 2001ರಲ್ಲಿ ತೃಣಮೂಲ ಕಾಂಗ್ರೆಸ್ ಹೊರಗೆ ಹೋಯಿತು, 2002ರಲ್ಲಿ ರಾಮ್ ವಿಲಾಸ್ ಪಾಸ್ವಾನ್ ಹೋದರು, 2003ರ ಕೊನೆಗೆ ಡಿಎಂಕೆ ಹೋಯಿತು. ಸರ್ಕಾರ ತನ್ನ ಪಾಡಿಗೆ ತಾನು ನಡೆಯಿತು.

ಅಮೆರಿಕದ ರಾಜ್ಯಶಾಸ್ತ್ರಜ್ಞ ವಿಲಿಯಂ ರೈಕರ್ 1962ರಲ್ಲಿ ಒಂದು ಸೂತ್ರವನ್ನು ಮುಂದಿಟ್ಟರು: ಗೆಲ್ಲಲು ಎಷ್ಟು ಬೇಕೋ ಅಷ್ಟೇ ಜನರನ್ನು ಸೇರಿಸಿಕೊಳ್ಳಬೇಕು, ಹೆಚ್ಚು ಜನ ಸೇರಿದಷ್ಟೂ ಹಂಚಿಕೊಳ್ಳುವ ರೊಟ್ಟಿ ಚಿಕ್ಕದಾಗುತ್ತದೆ. ಲೆಕ್ಕಕ್ಕೆ ಇದು ಸರಿ. ಆದರೆ ಪ್ರತಿಯೊಬ್ಬರೂ ಅನಿವಾರ್ಯರಾಗಿರುವ ಮನೆಯಲ್ಲಿ ಪ್ರತಿಯೊಬ್ಬರೂ ಯಜಮಾನರಾಗಿರುತ್ತಾರೆ ಎಂಬುದನ್ನು ನಮ್ಮ ಅನುಭವ ಈ ಸೂತ್ರಕ್ಕೆ ಸೇರಿಸುತ್ತದೆ. ಪಶ್ಚಿಮ ಬಂಗಾಳದಲ್ಲಿ ಸಿಪಿಎಂ ಒಂಟಿಯಾಗಿ ಬಹುಮತ ಪಡೆದ ಅವಧಿಗಳಲ್ಲಿಯೂ ಸಣ್ಣ ಎಡಪಕ್ಷಗಳನ್ನು ಮಂತ್ರಿಮಂಡಲದಿಂದ ಹೊರಗಿಡಲಿಲ್ಲ. 1977ರಿಂದ 2011ರವರೆಗೆ, 34 ವರ್ಷ, ಆ ಎಡರಂಗ ಒಡೆಯಲಿಲ್ಲ. ಎದ್ದು ಹೋಗಿ ಸರ್ಕಾರವನ್ನು ಬೀಳಿಸುವ ಶಕ್ತಿ ಅಲ್ಲಿ ಸಣ್ಣವರ ಕೈಯಲ್ಲಿರಲಿಲ್ಲ, ಇದ್ದುಕೊಂಡು ಪಡೆಯುವ ಲಾಭ ಮಾತ್ರ ಇತ್ತು.

ಯುಪಿಎ ಸರ್ಕಾರಗಳನ್ನು ನೋಡಿದರೂ ಇದೇ ಕಾಣುತ್ತದೆ. 2008ರ ಜುಲೈನಲ್ಲಿ ಅಣು ಒಪ್ಪಂದವನ್ನು ವಿರೋಧಿಸಿ ಎಡಪಕ್ಷಗಳು ಬೆಂಬಲ ಹಿಂತೆಗೆದುಕೊಂಡಾಗ ಸಮಾಜವಾದಿ ಪಕ್ಷ ಆ ಜಾಗಕ್ಕೆ ಬಂದು ನಿಂತಿತು, 275–256ರಿಂದ ಮನಮೋಹನ್ ಸಿಂಗ್ ವಿಶ್ವಾಸಮತ ಗೆದ್ದರು. ಬಿಟ್ಟುಹೋಗುವವರ ಜಾಗಕ್ಕೆ ಬರುವವರು ಬಾಗಿಲಲ್ಲಿ ನಿಂತಿದ್ದರೆ ಬೆದರಿಕೆಗೆ ಬೆಲೆ ಇರುವುದಿಲ್ಲ.

ಪ್ರಶ್ನೆ: ಸೀಟು, ಖಾತೆ, ಅವಧಿ ಎಲ್ಲವನ್ನೂ ಸ್ಟಾಂಪ್ ಪೇಪರಿನ ಮೇಲೆ ಬರೆಸಿ ರಿಜಿಸ್ಟರ್ ಮಾಡಿಸಿದರೆ ಮೈತ್ರಿ ಉಳಿಯುವುದಿಲ್ಲವೇ? (ಎಪಿಎಂಸಿ ವರ್ತಕರು, ದಾವಣಗೆರೆ)

ಉತ್ತರ: ಮೆಕ್ಕೆಜೋಳದ ವ್ಯಾಪಾರದಲ್ಲಿ ಮಾತು ತಪ್ಪಿದವರ ಮೇಲೆ ನೀವು ದಾವೆ ಹೂಡಬಹುದು, ಬೆಂಬಲ ಹಿಂತೆಗೆದುಕೊಂಡ ಪಕ್ಷದ ಮೇಲೆ ಯಾವ ನ್ಯಾಯಾಲಯದಲ್ಲಿಯೂ ದಾವೆ ನಿಲ್ಲುವುದಿಲ್ಲ. ಸಂವಿಧಾನದ 164ನೇ ವಿಧಿಯ ಪ್ರಕಾರ ಮಂತ್ರಿಮಂಡಲ ಉತ್ತರ ಕೊಡಬೇಕಾದದ್ದು ವಿಧಾನಸಭೆಗೆ, ಒಪ್ಪಂದದ ಕಾಗದಕ್ಕಲ್ಲ. ಜರ್ಮನಿಯಲ್ಲಿ 2021ರಲ್ಲಿ ಮೂರು ಪಕ್ಷಗಳು 170ಕ್ಕೂ ಹೆಚ್ಚು ಪುಟಗಳ ಒಪ್ಪಂದ ಬರೆದುಕೊಂಡವು. 2024ರ ನವೆಂಬರ್ 6ರ ರಾತ್ರಿ ಆಯವ್ಯಯದ ಜಗಳದಲ್ಲಿ ಚಾನ್ಸಲರ್ ಓಲಾಫ್ ಶೋಲ್ಜ್ ತಮ್ಮ ಹಣಕಾಸು ಮಂತ್ರಿ ಕ್ರಿಸ್ಟಿಯಾನ್ ಲಿಂಡ್ನರ್ ಅವರನ್ನು ಕಿತ್ತುಹಾಕಿದರು, ಮೈತ್ರಿ ಮುರಿಯಿತು. ಆದರೂ ಬರೆದಿಡುವುದು ವ್ಯರ್ಥವಲ್ಲ. ಯಾರು ಮಾತು ತಪ್ಪಿದರು ಎಂದು ಮತದಾರ ಓದಿ ತಿಳಿಯಬಹುದು, ಮಾತು ತಪ್ಪುವುದರ ಬೆಲೆ ಅಷ್ಟರಮಟ್ಟಿಗೆ ಏರುತ್ತದೆ.

ಪ್ರಶ್ನೆ: ಇಪ್ಪತ್ತು ತಿಂಗಳು ನೀವು, ಇಪ್ಪತ್ತು ತಿಂಗಳು ನಾವು ಎಂಬ ಒಪ್ಪಂದ ನಮ್ಮ ರಾಜ್ಯದಲ್ಲಿ ಏಕೆ ಕೆಟ್ಟಿತು? ಬೇರೆಲ್ಲಾದರೂ ನಡೆದಿದೆಯೇ? (ಅಡಿಕೆ ಬೆಳೆಗಾರರು, ಚನ್ನಗಿರಿ ತಾಲ್ಲೂಕು)

ಉತ್ತರ: ತಾವು ಕೃಷಿಕರಾದ್ದರಿಂದ ಮುಯ್ಯಾಳಿನ ಪದ್ಧತಿಯನ್ನು ನೆನಪಿಸಿಕೊಂಡರೆ ಉತ್ತರ ಸುಲಭ. ಈ ವಾರ ನಾವು ನಿಮ್ಮ ಹೊಲಕ್ಕೆ ಬರುತ್ತೇವೆ, ಮುಂದಿನ ವಾರ ನೀವು ನಮ್ಮ ಹೊಲಕ್ಕೆ ಬರಬೇಕು. ಮೊದಲು ಕೆಲಸ ಮುಗಿಸಿಕೊಂಡವನಿಗೆ ಬಾರದಿರುವ ಆಸೆ ಹುಟ್ಟುವುದು ಸಹಜ. ಆದರೆ ಆತ ಬರುತ್ತಾನೆ, ಏಕೆಂದರೆ ಮುಂದಿನ ವರ್ಷವೂ ಅವನಿಗೆ ಬಿತ್ತನೆ ಇದೆ, ಮುಯ್ಯಿ ತೀರಿಸದವನ ಹೊಲಕ್ಕೆ ಊರಿನಲ್ಲಿ ಯಾರೂ ಕಾಲಿಡುವುದಿಲ್ಲ. ಸರದಿಯ ಅಧಿಕಾರದಲ್ಲಿ ಈ ‘ಮುಂದಿನ ವರ್ಷ’ ಇದೆಯೇ ಇಲ್ಲವೇ ಎಂಬುದೇ ಪ್ರಶ್ನೆ.

ನಮ್ಮಲ್ಲಿ 2004ರ ಚುನಾವಣೆಯಲ್ಲಿ ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜೆಡಿಎಸ್‌ಗೆ 58 ಸ್ಥಾನ ಬಂದವು. ಯಾವ ಇಬ್ಬರು ಸೇರಿದರೂ ಬಹುಮತ ಎಂಬಂಥ ಲೆಕ್ಕ. ಅಂದರೆ ಪ್ರತಿಯೊಬ್ಬರಿಗೂ ಹೊರಗೆ ಇನ್ನೊಂದು ಮನೆ ಸಿದ್ಧವಾಗಿತ್ತು. ಧರ್ಮಸಿಂಗ್ ಅವರ ಕಾಂಗ್ರೆಸ್–ಜೆಡಿಎಸ್ ಸರ್ಕಾರ 2006ರ ಆರಂಭದಲ್ಲಿ ಬಿದ್ದದ್ದು ಈ ಕಾರಣಕ್ಕೆ. ಆ ಫೆಬ್ರವರಿಯಲ್ಲಿ ಎಚ್.ಡಿ. ಕುಮಾರಸ್ವಾಮಿ ಬಿಜೆಪಿಯೊಡನೆ ಸೇರಿ ಮುಖ್ಯಮಂತ್ರಿಯಾದರು. 2007ರ ಅಕ್ಟೋಬರಿನಲ್ಲಿ ಅಧಿಕಾರ ಹಸ್ತಾಂತರವಾಗಲಿಲ್ಲ, ರಾಷ್ಟ್ರಪತಿ ಆಳ್ವಿಕೆ ಬಂತು. ನವೆಂಬರ್ 12ರಂದು ಪ್ರಮಾಣವಚನ ಸ್ವೀಕರಿಸಿದ ಬಿ.ಎಸ್. ಯಡಿಯೂರಪ್ಪನವರು ಏಳೇ ದಿನಕ್ಕೆ ರಾಜೀನಾಮೆ ಕೊಡಬೇಕಾಯಿತು. ಉತ್ತರ ಪ್ರದೇಶದಲ್ಲಿ 1997ರಲ್ಲಿ ಆರು ತಿಂಗಳ ಸರದಿಯ ಒಪ್ಪಂದವಾಗಿತ್ತು. ಬಿಎಸ್‌ಪಿಯ ಮಾಯಾವತಿಯವರು ತಮ್ಮ ಆರು ತಿಂಗಳನ್ನು ಮುಗಿಸಿ ಕುರ್ಚಿಯನ್ನೇನೋ ಬಿಟ್ಟರು, ಆದರೆ ಬಿಜೆಪಿಯ ಕಲ್ಯಾಣ್ ಸಿಂಗ್ ಕುಳಿತ ಒಂದೇ ತಿಂಗಳಲ್ಲಿ ಬೆಂಬಲವನ್ನೂ ಹಿಂತೆಗೆದುಕೊಂಡರು.

ಆದರೆ ಸರದಿ ನಡೆದಿರುವ ಕಡೆಗಳೂ ಇವೆ. ಜಮ್ಮು ಮತ್ತು ಕಾಶ್ಮೀರದಲ್ಲಿ ಪಿಡಿಪಿಯ ಮುಫ್ತಿ ಮಹಮ್ಮದ್ ಸಯೀದ್ ಮೂರು ವರ್ಷ ಮುಗಿದೊಡನೆ, 2005ರ ನವೆಂಬರಿನಲ್ಲಿ, ಕಾಂಗ್ರೆಸ್ಸಿನ ಗುಲಾಂ ನಬಿ ಆಜಾದ್ ಅವರಿಗೆ ಅಧಿಕಾರ ಬಿಟ್ಟುಕೊಟ್ಟರು. ಆ ಹೊತ್ತಿಗೆ ದೆಹಲಿಯಲ್ಲಿ ಕಾಂಗ್ರೆಸ್ ಆಳುತ್ತಿತ್ತು, ಮುನಿಸು ಕಟ್ಟಿಕೊಂಡರೆ ಸಣ್ಣ ಪಕ್ಷಕ್ಕೆ ನಷ್ಟ ದೊಡ್ಡದಿತ್ತು ಎಂಬುದು ನನ್ನ ಗ್ರಹಿಕೆ. ಇಸ್ರೇಲಿನಲ್ಲಿ 1984ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಶಿಮೋನ್ ಪೆರೆಸ್ 1986ರಲ್ಲಿ ಯಿತ್ಜಾಕ್ ಶಮೀರ್ ಅವರಿಗೆ ಪ್ರಧಾನಿ ಹುದ್ದೆಯನ್ನು ಒಪ್ಪಿಸಿದರು. ಅದೇ ಇಸ್ರೇಲಿನಲ್ಲಿ 2020ರಲ್ಲಿ ನೆತನ್ಯಾಹು ಮತ್ತು ಬೆನ್ನಿ ಗಾಂಟ್ಜ್ ಮಾಡಿಕೊಂಡ ಸರದಿಯ ಒಪ್ಪಂದ, ಬಜೆಟ್ ಮಂಜೂರಾಗದೆ ಆ ಡಿಸೆಂಬರಿನಲ್ಲಿಯೇ ಸಂಸತ್ತಿನೊಡನೆ ವಿಸರ್ಜನೆಯಾಯಿತು. ಐರ್ಲೆಂಡಿನದು ಇನ್ನೂ ಸ್ವಾರಸ್ಯದ ಕಥೆ: ಅಂತರ್ಯುದ್ಧದ ಕಾಲದಿಂದ ಎದುರಾಳಿಗಳಾಗಿದ್ದ ಫಿಯಾನಾ ಫಾಯ್ಲ್ ಮತ್ತು ಫಿನೆ ಗೇಲ್ ಪಕ್ಷಗಳು 2020ರಲ್ಲಿ ಕೈಜೋಡಿಸಿ, 2022ರ ಡಿಸೆಂಬರಿನಲ್ಲಿ ಮೈಕೆಲ್ ಮಾರ್ಟಿನ್ ಅವರಿಂದ ಲಿಯೋ ವರಾಡ್ಕರ್ ಅವರಿಗೆ ಕುರ್ಚಿ ಬದಲಿಸಿದವು. ಮೈತ್ರಿ ಮುರಿದರೆ ಚುನಾವಣೆ, ಚುನಾವಣೆಯಾದರೆ ಲಾಭ ಮೂರನೆಯವರಾದ ಶಿನ್ ಫೇನ್ ಪಕ್ಷಕ್ಕೆ. ಹೊರಗೆ ಮಳೆ ಸುರಿಯುತ್ತಿದ್ದಾಗ ಜಗಳವಾಡಿದವರೂ ಒಂದೇ ಚಾವಣಿಯ ಕೆಳಗೆ ನಿಲ್ಲುತ್ತಾರೆ.

ಪ್ರಶ್ನೆ: 2018ರಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಪಕ್ಷಗಳೆರಡೂ ಮೈತ್ರಿಯನ್ನು ಬಿಡಲಿಲ್ಲ, ಆದರೂ ಸರ್ಕಾರ ಬಿತ್ತು. ಇದು ಹೇಗೆ? ಪಕ್ಷಾಂತರ ನಿಷೇಧ ಕಾಯ್ದೆ ಏನು ಮಾಡುತ್ತಿತ್ತು? (ರಾಜ್ಯಶಾಸ್ತ್ರದ ವಿದ್ಯಾರ್ಥಿನಿ, ಚಿತ್ರದುರ್ಗ)

ಉತ್ತರ: ಬಂದ ಪತ್ರಗಳಲ್ಲಿ ಇದು ಅತ್ಯಂತ ತೀಕ್ಷ್ಣವಾದ ಪ್ರಶ್ನೆ. ಮೈತ್ರಿಯನ್ನು ಪಕ್ಷಗಳು ಮಾಡಿಕೊಳ್ಳುತ್ತವೆ, ಆದರೆ ಸದನದಲ್ಲಿ ಮತ ಹಾಕುವವರು ಶಾಸಕರು. ಬಿಜೆಪಿಯ 104ಕ್ಕೆ ಎದುರಾಗಿ ಎರಡು ಪಕ್ಷಗಳು ಸೇರಿ ಬಹುಮತ ತೋರಿಸಿದಾಗ ಅಧ್ಯಕ್ಷರುಗಳ ಕೈಗಳು ಬೆಸೆದವು. ತಾಲ್ಲೂಕು ಮಟ್ಟದಲ್ಲಿ ಅವು ಬೆಸೆಯಲಿಲ್ಲ. ಹಳೆ ಮೈಸೂರಿನಲ್ಲಿ ಈ ಎರಡು ಪಕ್ಷಗಳೇ ಪರಸ್ಪರ ಎದುರಾಳಿಗಳು. ಠಾಣೆ, ತಾಲ್ಲೂಕು ಕಚೇರಿ, ಸಹಕಾರ ಸಂಘ ಎಲ್ಲ ಕಡೆಯೂ ಇವರ ಸೋಲೇ ಅವರ ಗೆಲುವು. ನಮ್ಮ ಎರಡು ಜಿಲ್ಲೆಗಳ ಓದುಗರಿಗೆ ಆ ಬಿಸಿ ಅಷ್ಟು ತಟ್ಟಲಿಲ್ಲ, ಏಕೆಂದರೆ ಆ ಸಲ ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಜೆಡಿಎಸ್ ಒಂದು ಸ್ಥಾನವನ್ನೂ ಗೆದ್ದಿರಲಿಲ್ಲ. ಇಲ್ಲಿನ ಸ್ಪರ್ಧೆ ಮುಖ್ಯವಾಗಿ ಕಾಂಗ್ರೆಸ್ ಮತ್ತು ಬಿಜೆಪಿಯದು. ಮಂಡ್ಯ, ತುಮಕೂರುಗಳಲ್ಲಿ ಏನಾಯಿತು ಎಂಬುದನ್ನು 2019ರ ಲೋಕಸಭಾ ಫಲಿತಾಂಶವೇ ತೋರಿಸಿತು: ಒಬ್ಬರ ಮತ ಇನ್ನೊಬ್ಬರಿಗೆ ವರ್ಗಾವಣೆಯಾಗಲಿಲ್ಲ, ಎಚ್.ಡಿ. ದೇವೇಗೌಡರೇ ತುಮಕೂರಿನಲ್ಲಿ ಸೋತರು, ರಾಜ್ಯದ 28ರಲ್ಲಿ ಎರಡೂ ಪಕ್ಷಗಳಿಗೆ ತಲಾ ಒಂದು ಸ್ಥಾನ ಮಾತ್ರ ಉಳಿಯಿತು. ಮೈತ್ರಿಯಲ್ಲಿದ್ದರೆ ಮುಂದಿನ ಸಲ ಸೋಲು ಖಚಿತ ಎಂದು ಶಾಸಕನಿಗೆ ಅನ್ನಿಸಿದ ಮೇಲೆ ಸಮನ್ವಯ ಸಮಿತಿ ಎಷ್ಟು ಸಭೆ ಸೇರಿದರೇನು?

ಇನ್ನು ಕಾಯ್ದೆಯ ಮಾತು. 1985ರ 52ನೇ ತಿದ್ದುಪಡಿ ಪಕ್ಷಾಂತರವನ್ನು ನಿಷೇಧಿಸಿತಾದರೂ ಮೂರನೇ ಒಂದು ಭಾಗ ಒಡೆದರೆ ಅಡ್ಡಿಯಿಲ್ಲ ಎಂದಿತ್ತು. 2003ರ 91ನೇ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು, ಮಂತ್ರಿಗಳ ಸಂಖ್ಯೆಯನ್ನೂ ಸದನದ ಶೇ 15ಕ್ಕೆ ಮಿತಿಗೊಳಿಸಿತು. 224 ಸ್ಥಾನಗಳ ನಮ್ಮ ಸದನದಲ್ಲಿ ಅದು ಮುಖ್ಯಮಂತ್ರಿಯೂ ಸೇರಿ 34. ಎರಡು ಪಕ್ಷ ಹಂಚಿಕೊಳ್ಳುವಾಗ ಅತೃಪ್ತರ ಸಂಖ್ಯೆ ತಾನಾಗಿ ದುಪ್ಪಟ್ಟಾಗುತ್ತದೆ. ಒಡೆಯುವ ಬಾಗಿಲು ಮುಚ್ಚಿದ್ದರಿಂದ ಅವರು ಕಿಟಕಿಯಿಂದ ಹೊರಟರು: ಪಕ್ಷ ಬಿಡದೆ ಶಾಸಕ ಸ್ಥಾನಕ್ಕೇ ರಾಜೀನಾಮೆ. 2019ರ ಜುಲೈ 23ರಂದು ವಿಶ್ವಾಸಮತ 99–105ರಿಂದ ಬಿತ್ತು. ಸ್ಪೀಕರ್ 17 ಜನರನ್ನು ಅನರ್ಹಗೊಳಿಸಿದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತಾದರೂ ಮರುಸ್ಪರ್ಧೆಗೆ ಇದ್ದ ತಡೆಯನ್ನು ತೆಗೆದುಹಾಕಿತು. ಡಿಸೆಂಬರಿನ ಉಪಚುನಾವಣೆಯಲ್ಲಿ 15ರಲ್ಲಿ 12 ಕ್ಷೇತ್ರಗಳು ಬಿಜೆಪಿಗೆ ಹೋದವು. ಹೊರಗೆ ಹೋಗುವುದಕ್ಕೆ ತೆರಬೇಕಾದ ಬೆಲೆ ನಾಲ್ಕೈದು ತಿಂಗಳ ಕಾಯುವಿಕೆ ಮಾತ್ರ ಎಂದಾದರೆ, ಕಾಯ್ದೆ ಇದ್ದೂ ಇಲ್ಲದಂತೆಯೇ. ಈ ವಿಷಯದಲ್ಲಿ ನಾನು ತಟಸ್ಥನಲ್ಲ: ರಾಜೀನಾಮೆ ಕೊಟ್ಟು ಸರ್ಕಾರ ಬೀಳಿಸಿದವರು ಅದೇ ಸದನದ ಅವಧಿಯಲ್ಲಿ ಮಂತ್ರಿಯಾಗಬಾರದು ಎಂಬ ನಿಯಮ ಬರಬೇಕೆಂದು ಭಾವಿಸುತ್ತೇನೆ.

ಪ್ರಶ್ನೆ: ನಮ್ಮ ಜಿಲ್ಲೆಯ ಪಕ್ಷೇತರ ಶಾಸಕರು ಒಮ್ಮೆ ಸರ್ಕಾರವನ್ನೇ ಉಳಿಸಿ, ಆಮೇಲೆ ಅಲುಗಾಡಿಸಿದ್ದರಲ್ಲ, ಅದು ಮೈತ್ರಿ ಎನಿಸಿಕೊಳ್ಳುತ್ತದೆಯೇ? (ಓದುಗರು, ಹೊಸದುರ್ಗ)

ಉತ್ತರ: ಹೆಸರಿಗೆ ಅಲ್ಲ, ವ್ಯವಹಾರದಲ್ಲಿ ಹೌದು. 2008ರಲ್ಲಿ ಬಿಜೆಪಿ 110ಕ್ಕೆ ನಿಂತಾಗ, ನಿಮ್ಮ ಹೊಸದುರ್ಗದ ಗೂಳಿಹಟ್ಟಿ ಶೇಖರ್ ಮತ್ತು ಹಿರಿಯೂರಿನ ಡಿ. ಸುಧಾಕರ್ ಸೇರಿದಂತೆ ಐವರು ಪಕ್ಷೇತರರು ಬೆಂಬಲ ಕೊಟ್ಟು ಮಂತ್ರಿಗಳಾದರು. 2010ರ ಅಕ್ಟೋಬರಿನಲ್ಲಿ ಈ ಐವರೂ ಬಿಜೆಪಿಯ 11 ಶಾಸಕರೂ ಯಡಿಯೂರಪ್ಪನವರಿಗೆ ನೀಡಿದ್ದ ಬೆಂಬಲವನ್ನು ಹಿಂತೆಗೆದುಕೊಂಡರು. ಸ್ಪೀಕರ್ ಕೆ.ಜಿ. ಬೋಪಯ್ಯ 16 ಮಂದಿಯನ್ನೂ ಅನರ್ಹಗೊಳಿಸಿದರು, ಅಕ್ಟೋಬರ್ 14ರಂದು ಸರ್ಕಾರ 106–100ರಿಂದ ಉಳಿಯಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಗಳನ್ನು ರದ್ದುಮಾಡಿತು, ಆದರೆ ಆ ಹೊತ್ತಿಗೆ ವಿಶ್ವಾಸಮತದ ಕಾವು ಆರಿತ್ತು. ಪಕ್ಷೇತರನಿಗೆ ವಿಪ್ (ಹೀಗೆಯೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಇಲ್ಲ, ಒಡೆಯಬಹುದಾದ ಪಕ್ಷವೂ ಇಲ್ಲ. ಅಂಚಿನ ಬಹುಮತದ ಸದನದಲ್ಲಿ ಒಬ್ಬಂಟಿ ಶಾಸಕನೇ ಒಂದು ಪಾಲುದಾರ ಪಕ್ಷ.

ಪ್ರಶ್ನೆ: ಸರ್ಕಾರದಲ್ಲಿ ಸೇರದೆ ಹೊರಗಿನಿಂದ ಬೆಂಬಲ ಕೊಡುವುದು ಹೆಚ್ಚು ತ್ಯಾಗದ ಮಾರ್ಗವಲ್ಲವೇ? (ಓದುಗರು, ಹರಿಹರ)

ಉತ್ತರ: ಕೇಳಲು ಹಾಗೆ ತೋರುತ್ತದೆ. ದಾಖಲೆಗಳು ಬೇರೆ ಹೇಳುತ್ತವೆ. 1979ರಲ್ಲಿ ಚರಣ್ ಸಿಂಗ್ ಅವರಿಗೆ ಇಂದಿರಾ ಕಾಂಗ್ರೆಸ್ ಕೊಟ್ಟ ಬೆಂಬಲ, ಅವರು ಲೋಕಸಭೆಯನ್ನು ಎದುರಿಸುವ ಮೊದಲೇ ಮಾಯವಾಯಿತು. ವಿ.ಪಿ. ಸಿಂಗ್ ಅವರನ್ನು ಒಂದು ಕಡೆಯಿಂದ ಬಿಜೆಪಿ, ಇನ್ನೊಂದು ಕಡೆಯಿಂದ ಎಡಪಕ್ಷಗಳು ಹಿಡಿದು ನಿಲ್ಲಿಸಿದ್ದವು; ಅಡ್ವಾಣಿಯವರ ರಥಯಾತ್ರೆ ತಡೆಹಿಡಿಯಲ್ಪಟ್ಟ ಮೇಲೆ ಒಂದು ಕಂಬ ಹೋಯಿತು, 1990ರ ನವೆಂಬರಿನಲ್ಲಿ 142–346ರಿಂದ ಸರ್ಕಾರ ಸೋತಿತು. ಅವರ ನಂತರದ ಚಂದ್ರಶೇಖರ್ ನಾಲ್ಕು ತಿಂಗಳಿಗೇ ರಾಜೀನಾಮೆ ಕೊಟ್ಟರು. ದೇವೇಗೌಡರ ಸಂಯುಕ್ತ ರಂಗವನ್ನು 1997ರಲ್ಲಿ ಸೀತಾರಾಂ ಕೇಸರಿಯವರ ಕಾಂಗ್ರೆಸ್ ಹತ್ತೇ ತಿಂಗಳಲ್ಲಿ ಕೈಬಿಟ್ಟಿತು, ಏಪ್ರಿಲ್ 11ರ ಮತದಾನದಲ್ಲಿ ಅದು 158–292ರಿಂದ ಬಿತ್ತು. ಗುಜ್ರಾಲ್ ಅವರಿಗೂ ವರ್ಷದೊಳಗೆ ಅದೇ ಗತಿ ಬಂತು. ಹೊರಗೆ ನಿಂತವನಿಗೆ ಸರ್ಕಾರದ ಒಳ್ಳೆಯ ಹೆಸರಿನಲ್ಲಿ ಪಾಲಿಲ್ಲ, ಕೆಟ್ಟ ಹೆಸರಿನ ಭಯವೂ ಇಲ್ಲ. ಎದ್ದು ಹೋಗುವಾಗ ಬಿಟ್ಟುಕೊಡಬೇಕಾದ ಕುರ್ಚಿ ಒಂದೂ ಇರುವುದಿಲ್ಲ.

ಅಪವಾದ ನಮ್ಮ ರಾಜ್ಯದಲ್ಲಿದೆ. 1983ರಲ್ಲಿ 95 ಸ್ಥಾನಗಳ ಜನತಾ ಪಕ್ಷದ ರಾಮಕೃಷ್ಣ ಹೆಗಡೆಯವರು ಬಿಜೆಪಿ ಮತ್ತು ಎಡಪಕ್ಷಗಳ ಬಾಹ್ಯ ಬೆಂಬಲದಿಂದ ಸರ್ಕಾರ ನಡೆಸಿದರು, ಬೆಂಬಲಿಗರು ಬೀಳಿಸಲಿಲ್ಲ. ಲೋಕಸಭೆಯಲ್ಲಿ ಸೋತ ಮೇಲೆ ಅವರೇ ರಾಜೀನಾಮೆ ಕೊಟ್ಟು 1985ರಲ್ಲಿ ಪೂರ್ಣ ಬಹುಮತದಿಂದ ಹಿಂದಿರುಗಿದರು. ಕಾಂಗ್ರೆಸ್ ಮರಳಿ ಬರುವುದು ಆ ಬೆಂಬಲಿಗರಿಗೆ ಹೆಗಡೆಯವರಿಗಿಂತ ದೊಡ್ಡ ಭಯವಾಗಿತ್ತು. ಇನ್ನೊಂದು ಅಪವಾದಕ್ಕೆ ಚಿತ್ರದುರ್ಗದ ನಂಟಿದೆ. ಎಸ್. ನಿಜಲಿಂಗಪ್ಪನವರು ಅಧ್ಯಕ್ಷರಾಗಿದ್ದಾಗ 1969ರಲ್ಲಿ ಕಾಂಗ್ರೆಸ್ ಒಡೆಯಿತು, ಇಂದಿರಾ ಗಾಂಧಿಯವರ ಸರ್ಕಾರ ಸ್ವಂತ ಬಹುಮತ ಕಳೆದುಕೊಂಡಿತು, ಆದರೂ ಸಿಪಿಐ ಮತ್ತು ಡಿಎಂಕೆ ಬೆಂಬಲದಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆದು, ತಾನು ಬಯಸಿದ ಹೊತ್ತಿಗೆ ಚುನಾವಣೆಗೆ ಹೋಯಿತು. ಒಂದೇ ಪಕ್ಷದ ಸರ್ಕಾರವೂ ಒಳಗಿನಿಂದ ಮೈತ್ರಿಯಂತೆಯೇ ಇರಬಹುದು ಎಂಬುದಕ್ಕೆ ಕಾರಿಗನೂರಿನ ಜೆ.ಎಚ್. ಪಟೇಲರ ಕಾಲವನ್ನು ಕಂಡ ದಾವಣಗೆರೆಯವರಿಗೆ ಬೇರೆ ಸಾಕ್ಷಿ ಬೇಡ. 1999ರಲ್ಲಿ ಅವರ ಜನತಾದಳ ಎರಡಾಯಿತು, ವಿಧಾನಸಭೆ ಅವಧಿಗೆ ಮೊದಲೇ ವಿಸರ್ಜನೆಯಾಯಿತು.

ಪ್ರಶ್ನೆ: ಸರ್ಕಾರ ಬೀಳಿಸುವವರೇ ಮುಂದಿನ ನಾಯಕನನ್ನೂ ತೋರಿಸಬೇಕು ಎಂಬ ಕಾನೂನು ಜರ್ಮನಿಯಲ್ಲಿದೆಯಂತೆ. ಅದು ಇಲ್ಲಿಗೆ ಬಂದರೆ? ಹಾಗೆಯೇ, ಈಗಿನ ಕೇಂದ್ರ ಸರ್ಕಾರದ ಬಗ್ಗೆ ತಮ್ಮ ಲೆಕ್ಕವೇನು? (ವಕೀಲರು, ಚಳ್ಳಕೆರೆ)

ಉತ್ತರ: ಜರ್ಮನ್ ಸಂವಿಧಾನದ 67ನೇ ವಿಧಿ ಹಾಗೆಯೇ ಹೇಳುತ್ತದೆ. ಹೊಸ ಚಾನ್ಸಲರನ್ನು ಬಹುಮತದಿಂದ ಆಯ್ಕೆಮಾಡಿಯೇ ಹಳಬರನ್ನು ಇಳಿಸಬೇಕು. ಈ ಅಸ್ತ್ರವನ್ನು ಅಲ್ಲಿ ಬಳಸಿದ್ದು ಎರಡೇ ಸಲ: 1972ರಲ್ಲಿ ವಿಲ್ಲಿ ಬ್ರಾಂಟ್ ವಿರುದ್ಧ ಅದು ಎರಡು ಮತಗಳಿಂದ ವಿಫಲವಾಯಿತು, 1982ರಲ್ಲಿ ಹೆಲ್ಮುಟ್ ಶ್ಮಿಟ್ ಹೋಗಿ ಹೆಲ್ಮುಟ್ ಕೋಲ್ ಬಂದರು. ನಮ್ಮಲ್ಲಿ ಈ ನಿಯಮ ಇದ್ದಿದ್ದರೆ 1999ರ ಆ ಒಂದು ಮತದ ಸೋಲು ಸರ್ಕಾರವನ್ನು ಬೀಳಿಸುತ್ತಿರಲಿಲ್ಲ, ಏಕೆಂದರೆ ಬೀಳಿಸಿದ 270 ಮಂದಿಗೆ ಒಬ್ಬ ಪ್ರಧಾನಿಯನ್ನು ಒಪ್ಪಿಕೊಳ್ಳಲು ಆಗಲೇ ಇಲ್ಲ. ಆದರೆ 2019ರ ಕರ್ನಾಟಕದಲ್ಲಿ ಇದರಿಂದ ಏನೂ ತಪ್ಪುತ್ತಿರಲಿಲ್ಲ. ಅಲ್ಲಿ ಪರ್ಯಾಯ ನಾಯಕ ಸಿದ್ಧವಾಗಿಯೇ ಇದ್ದರು. ಒಳಗಿನಿಂದ ಮುರಿದುಕೊಂಡ ಮೈತ್ರಿಗೂ ಇದು ಮದ್ದಲ್ಲ, ಶೋಲ್ಜ್ ಅವರ ಉದಾಹರಣೆಯನ್ನು ಮೇಲೆ ಹೇಳಿದ್ದೇನೆ.

ಎರಡನೆಯ ಪ್ರಶ್ನೆಗೆ ಭವಿಷ್ಯ ಹೇಳಲಾರೆ, 2024ರ ಫಲಿತಾಂಶದ ಲೆಕ್ಕವನ್ನು ಮಾತ್ರ ಕೊಡುತ್ತೇನೆ. ಬಿಜೆಪಿಗೆ 240, ಎನ್‌ಡಿಎಗೆ ಒಟ್ಟು 293, ಬೇಕಾದದ್ದು 272. ತೆಲುಗುದೇಶಂನ 16 ಸದಸ್ಯರು ಹೊರಟರೆ ಉಳಿಯುವುದು 277, ಜೆಡಿಯುನ 12 ಮಂದಿ ಹೊರಟರೆ 281. ಯಾರೊಬ್ಬರೂ ಒಂಟಿಯಾಗಿ ಸರ್ಕಾರವನ್ನು ಬೀಳಿಸಲಾರರು, ಮತ್ತು ಒಬ್ಬರು ಹೊರಟ ಕ್ಷಣಕ್ಕೆ ಉಳಿದವರ ಬೆಲೆ ಏರುವುದರಿಂದ ಅವರಿಗೆ ಉಳಿದುಕೊಳ್ಳುವುದೇ ಹೆಚ್ಚು ಲಾಭದ ದಾರಿಯಾಗುತ್ತದೆ. ಇಬ್ಬರೂ ಒಂದೇ ದಿನ ಎದ್ದರೆ ಉಳಿಯುವುದು 265.